ಕರೆಯದೆ ಬಂದವರು

ಬಸವಲಿಂಗಪ್ಪ ಇನ್ನೊಂದು ಗಿಡವನ್ನು ಎಡಗೈಯಲ್ಲಿ ಬಗ್ಗಿಸಿ ಹಿಡಿದು ಬುಡಕ್ಕೆ ಕುಡಗೋಲು ಹಾಕುವಷ್ಟರಲ್ಲಿ ಅನುರಾಧಾ ಬಂದು ನಡುವೆ ನಿಂತುಬಿಟ್ಟಳು. ಸ್ವಲ್ಪ ಆಚೀಚೆ ಆಗಿದ್ದರೆ ಕುಡಗೋಲು ಅವಳ ಕಾಲಿಗೇ ಬೀಳುತ್ತಿತ್ತು. ಮುದುಕ ಬೆಚ್ಚಿ ಹಿಂದೆ ಸರಿದ.

"ಸಾಕ್ರಿ ಮಾವಾರ. ಕಡದದ್ದು ಸಾಕು," ಅಂದಳು ಅನುರಾಧಾ.

ಸಾವಿನ ಮನೆಯಲ್ಲಿ ಸೊಸೆಯಾದವಳು ಹೀಗೆ ಎದುರು ನಿಲ್ಲುವುದನ್ನು ಬಸವಲಿಂಗಪ್ಪ ಈ ವಯಸ್ಸಿನವರೆಗೆ ಕಂಡಿರಲಿಲ್ಲ. ಅವನೇನು ದಾರಿಹೋಕನೇ? ತೀರಿಕೊಂಡ ಗುರುಬಾಯಿಯ ಸ್ವಂತ ಅಣ್ಣ. ಸುದ್ದಿ ಮುಟ್ಟಿದ ಕೂಡಲೇ ಸಿಂದಗಿಯಿಂದ ರಾತ್ರಿ ಬಸ್ಸು ಹಿಡಿದು, ತವರಿನ ಸೀರೆ ಕಂಕುಳಲ್ಲಿ ಇಟ್ಟುಕೊಂಡು, ಬೆಳಗಾಗುತ್ತಲೇ ಹೈದರಾಬಾದಿನ ನಾಚಾರಂ ಮುಟ್ಟಿದ್ದ. ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಅತ್ತ. ಅತ್ತು ಮುಗಿದ ಮೇಲೆ ಮುಖ ಒರೆಸಿಕೊಂಡು ಯಜಮಾನಿಕೆಗೆ ನಿಂತ. ತವರಿನ ಸೀರೆ ಹೊದಿಸದೆ ಹೆಣ್ಣಿನ ಹೆಣ ಎತ್ತುವ ಹಾಗಿಲ್ಲ. ಆ ಸೀರೆ ಇರುವುದು ಅವನ ಚೀಲದಲ್ಲಿ. ಅಂದ ಮೇಲೆ ಆ ದಿನ ಆ ಮನೆಯಲ್ಲಿ ಅವನ ಮಾತು ತೆಗೆದುಹಾಕುವವರು ಯಾರು?

ಒಳಗೆ ನಡುಮನೆಯಲ್ಲಿ ಗುರುಬಾಯಿ ಗೋಡೆಗೆ ಆತು ಕೂತಿದ್ದಳು. ಲಿಂಗವಂತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಹಣೆಗೆ ವಿಭೂತಿ, ಎಡಗೈಯಲ್ಲಿ ಲಿಂಗ, ಬೀಳದಂತೆ ಎದೆಗೊಂದು ವಸ್ತ್ರ ಕಟ್ಟಿ ಗೋಡೆಯ ಗೂಟಕ್ಕೆ ಬಿಗಿದಿದ್ದರು. ದಸರೆಯಿಂದ ಹಾಸಿಗೆ ಹಿಡಿದಿದ್ದವಳು ದೀಪಾವಳಿ ಕಳೆದ ವಾರದಲ್ಲಿ, ನಿನ್ನೆ ಸಂಜೆ ಕಣ್ಣು ಮುಚ್ಚಿದ್ದಳು.

ಮಂದಿ ನೋಡುವ ಹಾಗೆ ಈಗ ಅವಳನ್ನು ಬಯಲಲ್ಲಿ ಕೂಡಿಸಬೇಕು. ಮನೆಯ ಮುಂದೆ ಜಾಗವಿಲ್ಲ. ಕಂಪ್ಯೂಟರ್ ಕಂಪನಿಗಳಿಗೆ ಅದೆಂಥದೋ ಕೇಬಲ್ ಎಳೆಯುತ್ತೇವೆಂದು ರಸ್ತೆಯನ್ನು ಉದ್ದಕ್ಕೆ ಅಗೆದು ಬಿಟ್ಟು ಹೋಗಿದ್ದರು, ಹಲಗೆ ಹಾಕಿಕೊಂಡು ಮನೆಯೊಳಗೆ ಬರಬೇಕು. ಉಳಿದದ್ದು ಹಿತ್ತಿಲು. ಹಿತ್ತಿಲಿನ ಅರ್ಧ ಭಾಗವೆಲ್ಲ ಆಳೆತ್ತರದ ಗಿಲಗಿಲಿ ಗಿಡ. ಹಳದಿ ಹೂವು, ಒಣಗಿದ ಕಾಯಿ ಅಲ್ಲಾಡಿಸಿದರೆ ಒಳಗಿನ ಬೀಜ ಗಿಲಗಿಲ ಅನ್ನುತ್ತದೆ. ಹೊಲದ ಬದುವಿನಲ್ಲಿ ಬೇಡವೆಂದರೂ ಬೆಳೆಯುವ ಕಳೆ. ಬಸವಲಿಂಗಪ್ಪ ರೈತ, ಕಳೆ ಕಂಡರೆ ಕೈ ಸುಮ್ಮನಿರುವುದಿಲ್ಲ. ಕುಡಗೋಲು ಕೇಳಿ ಇಸಕೊಂಡು ಒಂದು ಮಗ್ಗುಲಿನಿಂದ ಸವರುತ್ತ ಬಂದಿದ್ದ. ಕಡಿದದ್ದನ್ನೆಲ್ಲ ಬಯಲಿಗೆ ಎಳೆದು ಗುಪ್ಪೆ ಹಾಕಿ, ನೆಲ ಹಸಿಯಿದೆಯೆಂದು ಸೀರೆಯ ಚೀಲವನ್ನು ಅದರ ಮೇಲೆಯೇ ಇಟ್ಟಿದ್ದ.

"ಐನಾರು ಬರೂ ಹೊತ್ತಾತು. ಮಂದಿ ನನ್ನ ತಲಿ ಮ್ಯಾಗ ಕುಂದರಬೇಕೇನು? ಸರಿ, ಯವ್ವಾ," ಅಂದ.

"ನೀವು ಕಡಿಯಾಕತ್ತಿದ್ದು ಏನಂತ ಒಂದೀಟು ನೋಡ್ರಿ."

ನೋಡುವುದೇನು? ಅರ್ಧ ಹಸಿರು, ಅರ್ಧ ಒಣಗಿದ ಎಲೆ. ಬಸವಲಿಂಗಪ್ಪ ಕುಡಗೋಲಿನ ತುದಿಯಿಂದ ಒಂದು ರೆಂಬೆ ತಟ್ಟಿದ. ಒಣಗಿದ ಎಲೆಗಳೆಲ್ಲ ಒಟ್ಟಿಗೆ ತೆರೆದುಕೊಂಡವು. ಕಪ್ಪು ರೆಕ್ಕೆ, ಅದರ ತುಂಬ ತಿಳಿನೀಲಿ ಚುಕ್ಕೆ. ಬೆಳಗಿನ ಚಳಿಗೆ ಹಾರಲಾರದೆ ಕೆಲವು ನೆಲಕ್ಕೆ ಬಿದ್ದು ತೆವಳಿದವು. ಎಲೆಯೆಂದುಕೊಂಡದ್ದು ಒಂದೂ ಎಲೆಯಾಗಿರಲಿಲ್ಲ. ರೆಂಬೆ ರೆಂಬೆಗೂ, ಗಿಡದ ಮೇಲೆ ಹಬ್ಬಿ ಒಣಗಿದ ಬಳ್ಳಿಯ ಎಳೆ ಎಳೆಗೂ ಪಾತರಗಿತ್ತಿಗಳು ರೆಕ್ಕೆ ಮಡಚಿ ಜೋತುಬಿದ್ದು ಮಲಗಿದ್ದವು.

ಮುದುಕ ಒಂದು ಗಳಿಗೆ ಬಾಯಿ ತೆರೆದು ನಿಂತದ್ದು ನಿಜ. ಆಮೇಲೆ ಅಂದ, "ಹುಳ ಅದಾವ. ಹಾರಿ ಹೋಗ್ತಾವ ಬಿಡು."

"ಅವು ಹೋಗೂ ತನಕ ಕಡಿಯಾಕ ಬಿಡೂದಿಲ್ಲಂತ ಅತ್ತಿಗೆ ಮಾತು ಕೊಟ್ಟೀನ್ರಿ," ಅಂದಳು ಅನುರಾಧಾ. ಸೆರಗು ಸೊಂಟಕ್ಕೆ ಸಿಕ್ಕಿಸಿ ಅಲ್ಲಿಯೇ ನಿಂತಳು.

*

ಗುರುಬಾಯಿ ಹೈದರಾಬಾದಿಗೆ ಬಂದದ್ದು ಮದುವೆಯಾಗಿ. ಗಂಡ ನಾಚಾರದ ಒಂದು ಸಣ್ಣ ಕಾರ್ಖಾನೆಯಲ್ಲಿ ಬೋಲ್ಟು ಕಡೆಯುತ್ತಿದ್ದ. ಊರಾಚೆ ಕಲ್ಲು ಬಂಡೆಯ ಜಾಗದಲ್ಲಿ ಒಂದು ತುಂಡು ನೆಲ ಹಿಡಿದು ಎರಡು ಕೋಣೆ ಎಬ್ಬಿಸಿದ. ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋದವಳು ಮಗ ಶಾಂತಪ್ಪನನ್ನು ಎತ್ತಿಕೊಂಡು ವಾಪಸು ಹೊರಟಾಗ ಅಣ್ಣ ಬಸ್ ನಿಲ್ದಾಣದ ತನಕ ಬಂದ. ದಾರಿಯಲ್ಲಿ ಹೊಲದ ಬದುವಿನಿಂದ ಒಣಗಿದ ಕಾಯಿಯ ಗೊಂಚಲೊಂದನ್ನು ಕಿತ್ತು ಕೂಸಿನ ಮುಖದ ಮುಂದೆ ಆಡಿಸಿದ. ಅಳುತ್ತಿದ್ದ ಕೂಸು ಸುಮ್ಮನಾಯಿತು. ಅಣ್ಣತಂಗಿಯರಿಬ್ಬರೂ ನಕ್ಕರು. ಅವರು ಒಟ್ಟಿಗೆ ನಕ್ಕದ್ದು ಅದೇ ಕೊನೆ ಇರಬೇಕು.

ಮಗನಿಗೆ ಹಲ್ಲು ಮೂಡುವ ಮೊದಲೇ ಗಂಡ ಕಾಮಾಲೆಯಾಗಿ ತೀರಿಕೊಂಡ. ಬಸವಲಿಂಗಪ್ಪ ಬಂದ. ಮನೆ ಮಾರು, ಊರಿಗೆ ನಡೆ, ನಮ್ಮ ಜೊತೆ ಒಂದು ಮೂಲೆಯಲ್ಲಿ ಬಿದ್ದಿರು, ಹುಡುಗ ದೊಡ್ಡವನಾಗಿ ನನ್ನ ಎತ್ತು ಕಾಯಲಿ ಅಂದ. ಅವನ ಲೆಕ್ಕದಲ್ಲಿ ಅದು ಪ್ರೀತಿಯ ಮಾತು. ಗುರುಬಾಯಿಗೆ ಅದು ಕಪಾಳಕ್ಕೆ ಹೊಡೆದ ಹಾಗಾಯಿತು.

"ನನ್ನ ಮಗ ಯಾರ ಎತ್ತೂ ಕಾಯೂದಿಲ್ಲ. ನಾನೂ ಯಾರ ಮನಿ ಮೂಲಿ ಹಿಡಿಯೂದಿಲ್ಲ," ಅಂದಳು.

"ಹಂಗಾರ ಇಲ್ಲೇ ಇರು. ಹಬ್ಬಕ್ಕ ಕರಿಯಾಕ ನಾ ಬರೂದಿಲ್ಲ, ನೆಪ್ಪಿರಲಿ."

"ಬರಬ್ಯಾಡ."

ಎರಡು ಮಾತು, ಅಷ್ಟೇ. ಅಣ್ಣತಮ್ಮಂದಿರಾದರೆ ಕುಡಿದು ಬಡಿದಾಡಿ ಮರುದಿನ ಮರೆತುಬಿಡುತ್ತಿದ್ದರು. ಇವರಿಬ್ಬರೂ ಒಂದೇ ತಾಯಿಯ ಹಾಲು ಕುಡಿದ ಹಟಮಾರಿಗಳು. ತವರಿನವರು ಬಂದು ಕರೆಯದೆ ಹೆಣ್ಣುಮಗಳು ಹಬ್ಬಕ್ಕೆ ಹೋಗುವ ಪದ್ಧತಿಯಿಲ್ಲ. ಅವನು ಕರೆಯಲಿಲ್ಲ, ಇವಳು ಹೋಗಲಿಲ್ಲ. ಓಣಿಯ ಕನ್ನಡದ ಮನೆಗಳಿಗೆ, ಕಾರ್ಖಾನೆಯ ಹುಡುಗರಿಗೆ, ಆಮೇಲಾಮೇಲೆ ನಾರಾಯಣಗೂಡದ ಮೆಸ್ಸಿಗೆ ಜೋಳದ ರೊಟ್ಟಿ ಬಡಿದು ಕೊಟ್ಟು ಗುರುಬಾಯಿ ಮಗನನ್ನು ಓದಿಸಿದಳು. ಪಟಾನ್‌ಚೆರುವಿನ ಔಷಧ ಕಾರ್ಖಾನೆಯಲ್ಲಿ ಅವನಿಗೆ ಕೆಲಸ ಸಿಕ್ಕ ದಿನ ಓಣಿಗೆಲ್ಲ ಹೋಳಿಗೆ ಹಂಚಿದಳು. ತವರಿಗೆ ಮಾತ್ರ ಸುದ್ದಿ ಕಳಿಸಲಿಲ್ಲ.

ಆದರೆ ಆ ಮೊದಲ ದೀಪಾವಳಿಯಲ್ಲಿ ಅವಳು ಕಾದದ್ದು ಸುಳ್ಳಲ್ಲ. ಬರಬೇಡ ಅಂದವಳೇ ಟ್ರಂಕಿಗೆ ಸೀರೆ ತುಂಬಿ, ಕೂಸಿಗೆ ಎರೆದು, ಹಿತ್ತಿಲ ಹೊಸ್ತಿಲ ಮೇಲೆ ಕೂತು ಗಲ್ಲಿಯ ಕಡೆ ನೋಡಿದಳು. ಹಬ್ಬ ಕಳೆಯಿತು. ಯಾರೂ ಬರಲಿಲ್ಲ. ಅದರ ಮರುದಿನ ಸಂಜೆಯೂ ಕೂತಿದ್ದಳು. ಕೂಸು ಆಡಿ ಒಡೆದು ಚೆಲ್ಲಿದ ಕಾಯಿಯ ಬೀಜ ಆ ಮಳೆಗಾಲದಲ್ಲಿ ಹುಟ್ಟಿ ಹಿತ್ತಿಲಲ್ಲಿ ಹೂ ಬಿಟ್ಟಿತ್ತು. ಗೋಡೆ ದಾಟಿ ಒಂದು ಪಾತರಗಿತ್ತಿ ಬಂತು, ಅದರ ಹಿಂದೆ ಇನ್ನೊಂದು, ಹೊತ್ತು ಮುಳುಗುವಷ್ಟರಲ್ಲಿ ಗಿಡವೇ ಕಾಣಲಿಲ್ಲ. ಗುರುಬಾಯಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಅಳಬೇಕೆಂದಿದ್ದನ್ನು ಮರೆತು ನೋಡಿದಳು. ಒಳಗೆ ಹೋಗಿ ಟ್ರಂಕಿನ ಸೀರೆಗಳನ್ನು ತೆಗೆದು ಮತ್ತೆ ಗೂಟಕ್ಕೆ ಹಾಕಿದಳು.

ಅವು ಎಲ್ಲಿಂದ ಬರುತ್ತವೆ, ಎಲ್ಲಿಗೆ ಹೋಗುತ್ತವೆ ಅವಳಿಗೆ ಗೊತ್ತಿರಲಿಲ್ಲ. ಹಬ್ಬದ ಆಸುಪಾಸಿನಲ್ಲಿ ಕರೆಯದೆ ಬರುತ್ತಿದ್ದವು, ಕೆಲವು ದಿನ ಇದ್ದು, ಒಂದು ಬೆಳಿಗ್ಗೆ ಎದ್ದು ಹೋಗಿರುತ್ತಿದ್ದವು. "ನನ್ನ ತವರಿನವ್ರು ಬಂದ್ರು," ಅನ್ನುತ್ತಿದ್ದಳು. ಆಡಿಕೊಳ್ಳುವವರು ಆಡಿಕೊಂಡರು. ಗುರುಬಾಯಿ ಯಾವ ಮಾತನ್ನು ಕಿವಿಗೆ ಹಾಕಿಕೊಂಡವಳು?

*

ಹಿತ್ತಿಲ ಜಗಳ ಮನೆ ತುಂಬ ಹರಡಿತು. ಕ್ರಿಯೆ ಮಾಡಿಸುವ ಐನಾರು ಬಂದು ಕಟ್ಟೆಯ ಮೇಲೆ ಕೂತರು. ಹೆಣವನ್ನು ಕೂಡಿಸಿ ಒಯ್ಯುವ ವಿಮಾನ ಕಟ್ಟುವವರು ಬಿದಿರು ಹಿಡಿದು ಗಲ್ಲಿಯಲ್ಲಿ ನಿಂತರು. ಹೆಂಗಸರು ಅಡುಗೆಮನೆಯ ಕಿಟಕಿಯಿಂದ ಇಣುಕಿ, ಬದುಕಿದ್ದಾಗ ಅತ್ತೆಯ ಜೊತೆ ದಿನಾ ಇದೇ ಗಿಡಕ್ಕಾಗಿ ಕಿತ್ತಾಡುತ್ತಿದ್ದವಳು ಈಗ ಯಾರಿಗೆ ತೋರಿಸಲು ಈ ನಾಟಕ ಅಂದರು.

ಕಿತ್ತಾಡಿದ್ದು ನಿಜವೇ. ಬಟ್ಟೆ ಒಣಗಿಸಲು ಜಾಗವಿಲ್ಲ, ಹಾವು ಬರುತ್ತದೆ, ಮಗ್ಗುಲ ಮನೆಗಳೆಲ್ಲ ಅಪಾರ್ಟ್‌ಮೆಂಟ್ ಆಗುತ್ತಿರುವಾಗ ನಮ್ಮದು ಮಾತ್ರ ಅಡವಿ ಎಂದು ಅನುರಾಧಾ ಒಂದಲ್ಲ ಎರಡಲ್ಲ, ಮದುವೆಯಾಗಿ ಬಂದ ವರ್ಷದಿಂದ ಅಂದಿದ್ದಳು. ಬಿಲ್ಡರು ಸೂಟ್‌ಕೇಸು ಹಿಡಿದು ಬಂದಾಗಲೆಲ್ಲ ಗುರುಬಾಯಿಯದು ಒಂದೇ ಉತ್ತರ: ತವರಿನವರು ಬಂದಿದ್ದಾರೆ, ಹೋದ ಮೇಲೆ ಬರ್ರಿ. ಅವು ಹೋದ ಮೇಲೆ ಅವನು ಬಂದರೆ, ಬರುವ ಹೊತ್ತಾಯಿತು, ಬಂದು ಹೋಗಲಿ ತಡಿ. ಅತ್ತೆಯ ಈ ಆಟಕ್ಕೆ ಅನುರಾಧಾ ಹಲ್ಲು ಕಡಿಯುತ್ತಿದ್ದಳು.

ಶಾಂತಪ್ಪ ಹೆಂಡತಿಯ ಹತ್ತಿರ ಬಂದ. ಅತ್ತು ಅತ್ತು ಅವನ ಕಣ್ಣು ಊದಿದ್ದವು. ಮಾವ ಸಿಟ್ಟಾಗಿ ಸೀರೆಯ ಚೀಲ ಎತ್ತಿಕೊಂಡು ಹೊರಟರೆ ಅವ್ವನನ್ನು ತವರಿನ ಸೀರೆ ಇಲ್ಲದೆ ಮಣ್ಣಿಗೆ ಕಳಿಸಿದ ಹಾಗಾಗುತ್ತದೆ, ಇವತ್ತೊಂದು ದಿನ ಸರಿದು ನಿಲ್ಲು ಎಂದು ಬೇಡಿಕೊಂಡ. ಅವನಿಗೆ ಅವ್ವನ ಮರ್ಯಾದೆಯ ಚಿಂತೆ. ಹೆಂಡತಿಗೆ ಗಂಡನ ಮೇಲೆ ಸಿಟ್ಟೂ ಬಂತು, ಮರುಕವೂ ಬಂತು.

"ನಿಮ್ಮವ್ವ ಒಬ್ಬಾಕಿ ಈ ಮನಿ ನಿಂದರಿಸಿದಾಕಿ. ಸೀರಿ ಇಲ್ದ ಹೋದ್ರ ಅಕಿ ಮರ್ಯಾದಿ ಹೋಗೂದಿಲ್ಲ. ನಾ ಕೊಟ್ಟ ಮಾತು ಹೋದ್ರ ಹೋಗ್ತೈತಿ," ಅಂದಳು.

ಅಷ್ಟರಲ್ಲಿ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದ ಚಿತ್ರಾ ಇಳಿದು ಬಂದಳು. ಕುಂದಾಪುರದ ಹುಡುಗಿ, ಹೈಟೆಕ್ ಸಿಟಿಯ ಕಂಪನಿಯಲ್ಲಿ ಕೆಲಸ. ಆ ದಿನ ರಜೆ ಹಾಕಿದ್ದಳು. ಬಾಡಿಗೆಗೆ ಬಂದ ಹೊಸತರಲ್ಲಿ ಹಿತ್ತಿಲಲ್ಲಿ ಬಟ್ಟೆ ಹರವಲು ಹೋಗಿ, ಒಣ ಎಲೆಯೆಲ್ಲ ಮೈಮೇಲೆ ಹಾರಿ ಬಂದವೆಂದು ಕೂಗಿಕೊಂಡು ಓಡಿದ್ದವಳು ಅವಳೇ. ಅದನ್ನು ಹೇಳಿ ಹೇಳಿ ಗುರುಬಾಯಿ ಅವಳನ್ನು ಕಾಡಿಸುತ್ತಿದ್ದಳು. ಈಗ ಯಾರನ್ನೂ ಕೇಳದೆ ಚಿತ್ರಾ ಅನುರಾಧಾಳ ಮಗ್ಗುಲಲ್ಲಿ ಹೋಗಿ ನಿಂತಳು. ಒಬ್ಬರಿದ್ದದ್ದು ಇಬ್ಬರಾದರು.

ಐನಾರಿಗೆ ಬಿಸಿಲೇರುವುದರ ಚಿಂತೆ. ಎಷ್ಟು ಬಯಲಾಗಿದೆಯೋ ಅಷ್ಟರಲ್ಲೇ ಶರಣೆಯನ್ನು ಕೂಡಿಸಿರಿ, ಮಂದಿ ಗಲ್ಲಿಯಲ್ಲಿ ನಿಂತು ಒಬ್ಬೊಬ್ಬರೇ ಬಂದು ಹೋಗಲಿ ಅಂದರು. ಬಸವಲಿಂಗಪ್ಪ ಕುಡಗೋಲನ್ನು ಗೋಡೆಗೆ ಎಸೆದ. ಮಣ್ಣಿಗೆ ಹೊರಡುವ ಮುಂಚೆ ಇದರ ಇತ್ಯರ್ಥ ಆಗಲೇಬೇಕು, ತವರಿನ ಹಿರಿಯನಿಗೆ ಇಷ್ಟೂ ಬೆಲೆಯಿಲ್ಲದ ಕಡೆ ಸೀರೆ ಹೊದಿಸಬೇಕೋ ಬೇಡವೋ ನೋಡುತ್ತೇನೆ ಎಂದು ನಾಲ್ಕು ಮಂದಿಗೆ ಕೇಳುವ ಹಾಗೆ ಹೇಳಿ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂತ.

*

ಹಿಂದಿನ ವರ್ಷ ಸೊಳ್ಳೆಗೆ ಹೊಗೆ ಹಾಕುವವರು ಬಂದಿದ್ದರು. ಹೆಗಲಿಗೆ ಯಂತ್ರ, ಬಾಯಿಗೆ ಬಟ್ಟೆ. ಹಿತ್ತಿಲ ಬಾಗಿಲು ದೂಡಿದರೆ ಗುರುಬಾಯಿ ರೊಟ್ಟಿಯ ಹಿಟ್ಟು ಮೆತ್ತಿದ ಕೈಯಲ್ಲೇ ಎದ್ದು ಬಂದು ಬಾಗಿಲಿಗೆ ಅಡ್ಡ ನಿಂತಳು. ತೆಲುಗಿನಲ್ಲಿ ಗದರಿಸಿದರು. ಇವಳು ತನಗೆ ಬರುವ ಹೈದರಾಬಾದಿ ಹಿಂದಿಯಲ್ಲಿ, "ಮೇರೆ ಮೈಕೇ ವಾಲೇ ಆಯೇ ಹೈ. ಧುವಾಂ ನಕ್ಕೋ," ಅಂದಳು. ತವರಿನವರು ಬಂದಿದ್ದಾರೆ, ಹೊಗೆ ಬೇಡ. ಯಂತ್ರದವನು ಒಳಗೆ ಇಣುಕಿ ಯಾರೂ ಇಲ್ಲವಲ್ಲ ಅಂದ. ಕಣ್ಣು ಸರಿಯಿಲ್ಲದಿದ್ದರೆ ಆಸ್ಪತ್ರೆಗೆ ಹೋಗು ಅಂದಳು. ಅವರು ದಂಡ ಹಾಕಿಸುತ್ತೇವೆಂದು ಹೆದರಿಸಿ ನೋಡಿದರು, ಕೈ ಮುಗಿದೂ ನೋಡಿದರು. ಮುದುಕಿ ಕದಲಲಿಲ್ಲ. ತವೆಯ ಮೇಲೆ ರೊಟ್ಟಿ ಸೀದು ಕರ‍್ರಗಾಯಿತು. ಅವರು ಹೋದ ಮೇಲೆ ಸೊಸೆಯ ಕಡೆ ತಿರುಗಿ, ಈ ಸೀದ ರೊಟ್ಟಿ ನಾನೇ ತಿನ್ನುತ್ತೇನೆ, ನಿನ್ನ ಗಂಡನಿಗೆ ಬಡಿಸಬೇಡ ಅಂದು ನಕ್ಕಳು.

ಈ ವರ್ಷ ಹಾಸಿಗೆ ಹಿಡಿದವಳಿಗೆ ಎದ್ದು ನಿಲ್ಲಲು ಆಗಲಿಲ್ಲ. ಹಾಸಿಗೆಯನ್ನು ಹಿತ್ತಿಲ ಬಾಗಿಲಿಗೆ ಎಳೆಸಿಕೊಂಡಳು. ಹಬ್ಬದ ಸಂಜೆ ಅವು ಗೋಡೆ ದಾಟಿ ಬರುವುದನ್ನು ಮಲಗಿದಲ್ಲಿಂದಲೇ ನೋಡಿದಳು. ಹತ್ತಿರ ಕೂತಿದ್ದ ಸೊಸೆಗೆ, ಆ ಗಿಡದ ಬೀಜ ಎಲ್ಲಿಯದು, ಯಾರ ಕೈಯಿಂದ ಬಂದದ್ದು ಎಂದು ಅಂದು ಮೊದಲ ಸಲ ಹೇಳಿದಳು. ಬಸ್ ನಿಲ್ದಾಣದ ದಾರಿ, ಅಳುವ ಕೂಸು, ನಕ್ಕ ಅಣ್ಣ. ಹೇಳುವಾಗ ಸಿಟ್ಟಿರಲಿಲ್ಲ. ಅನುರಾಧಾ ಗಿಡಗಳ ಕಡೆ ತಿರುಗಿ ನೋಡಿದಳು. ಇಷ್ಟು ವರ್ಷ ತಾನು ಹಾವು, ಕಸ ಎಂದು ಜರಿದದ್ದು ಇದನ್ನೇ?

"ನಾ ಹೋದ ಮ್ಯಾಗ ಬೇಕಾದ್ದು ಮಾಡ್ಕೋರಿ, ಅಪಾರ್ಟ್‌ಮೆಂಟರ ಕಟ್ರಿ, ಅರಮನಿಯರ ಕಟ್ರಿ," ಅಂದಳು ಗುರುಬಾಯಿ. "ಈ ಸರ್ತಿ ಬಂದವು ತಾವಾಗಿ ಎದ್ದು ಹೋಗೂ ತನಕ ಯಾರಿಗೂ ಕೈ ಹಚ್ಚಗೊಡಬ್ಯಾಡ. ಮನಿಗಿ ಬಂದವ್ರನ್ನ ಎಬ್ಬಿಸಿ ಕಳಿಸಬಾರದು."

"ಆತು ಅತ್ತಿ," ಅಂದಿದ್ದಳು ಅನುರಾಧಾ.

*

ಗುರುಬಾಯಿಯನ್ನು ಹೊರಗೆ ತಂದು ಗಿಡಗಳಿಗೆ ಮುಖ ಮಾಡಿ ಕೂಡಿಸಿದರು. ಕಡಿದ ಗುಪ್ಪೆ ಅವಳ ಎದುರಿಗೇ ಬಿದ್ದಿತ್ತು; ಎತ್ತಿ ಹಾಕಲು ಯಾರಿಗೂ ತೋಚಲಿಲ್ಲ. ಭಜನೆ ಶುರುವಾಯಿತು. ಬಿಸಿಲು ಗೋಡೆ ದಾಟಿ ಹಿತ್ತಿಲಿಗೆ ಇಳಿಯಿತು. ತಾಳದ ಸದ್ದಿಗೋ ಬಿಸಿಲಿಗೋ ಗಿಡದ ಮೇಲಿನವು ಎದ್ದವು. ಗಲ್ಲಿಯಲ್ಲಿ ನಿಂತವರು ತಲೆ ಎತ್ತಿ ನೋಡಿದರು. ಹೋದವು ಎಂದು ಯಾರೋ ಅಂದರು. ಬಸವಲಿಂಗಪ್ಪ ಕಟ್ಟೆಯ ಮೇಲಿಂದ ತಿರುಗಿಯೂ ನೋಡಲಿಲ್ಲ. ಅನುರಾಧಾ ಮಾತ್ರ ಖಾಲಿಯಾದ ರೆಂಬೆಗಳನ್ನೇ ನೋಡಿದಳು. ತಾವಾಗಿ ಹೋದವೋ, ನಾವು ಎಬ್ಬಿಸಿದೆವೋ?

ನೆಂಟರು, ಓಣಿಯವರು, ರೊಟ್ಟಿ ತಿಂದು ಬೆಳೆದು ಈಗ ತಲೆ ನರೆತ ಕಾರ್ಖಾನೆಯ ಹುಡುಗರು ಒಬ್ಬೊಬ್ಬರೇ ಬಂದು ಗುರುಬಾಯಿಯ ಕಾಲು ಮುಟ್ಟಿ ಹೋದರು. ಅಷ್ಟು ಹೊತ್ತಿಗೆ ಗುಪ್ಪೆಯ ಗಿಡಗಳು ಬಿಸಿಲಿಗೆ ಬಾಡಿ ಜೋತಿದ್ದವು. ಗಲ್ಲಿಯಲ್ಲಿ ಲಾರಿ ಬಂದು ನಿಂತು ಹಾರನ್ ಹೊಡೆಯಿತು.

"ತವರಿನ ಸೀರಿ ತರ‍್ರಿ," ಅಂದರು ಐನಾರು.

ಎಲ್ಲರ ಕಣ್ಣು ಬಸವಲಿಂಗಪ್ಪನ ಮೇಲೆ. ಮುದುಕ ಕಟ್ಟೆಯ ಮೇಲೆಯೇ ಈ ಕಡೆ ತಿರುಗಿದ. ಆಮೇಲೆ ತಂಗಿಯ ಮುಖ ನೋಡಿದ. ಏನನ್ನಿಸಿತೋ, ಎದ್ದ. ಎದ್ದು ಚೀಲ ತೆಗೆದುಕೊಳ್ಳಲು ಗುಪ್ಪೆಯ ಕಡೆ ತಿರುಗಿ ನಿಂತುಬಿಟ್ಟ.

ಗುಪ್ಪೆ ಕಾಣಲಿಲ್ಲ. ಹೋದವೆಂದುಕೊಂಡವೆಲ್ಲ ವಾಪಸು ಬಂದಿದ್ದವು. ನಿಂತ ಗಿಡ ಬಿಟ್ಟು ಕಡಿದ ಗಿಡಕ್ಕೇ ಮುತ್ತಿದ್ದವು. ಬಾಡಿದ ರೆಂಬೆ, ಮುರಿದ ಕಾಂಡ, ಒಂದೂ ಬಿಡದೆ ಕೂತು ಅದರ ರಸಕ್ಕೆ ಬಾಯಿ ಇಟ್ಟಿದ್ದವು. ಸೀರೆಯ ಚೀಲವೂ ಅವುಗಳ ಅಡಿಯಲ್ಲಿತ್ತು. ಹಿಡಿಕೆಯ ಉದ್ದಕ್ಕೂ ಕಪ್ಪು ನೀಲಿ ರೆಕ್ಕೆಗಳು ತೆರೆದು ಮುಚ್ಚುತ್ತಿದ್ದವು. ಬಸವಲಿಂಗಪ್ಪ ಕೈ ಚಾಚಿದ. ಚಾಚಿದ ಕೈ ಇಳಿಯಲಿಲ್ಲ.

ವಿಮಾನ ಹೊರುವವನೊಬ್ಬ ಮುಂದೆ ಬಂದು, ಝಾಡಿಸಿ ಕೊಡುತ್ತೇನೆ ಸರೀರಿ ಎಂದು ಚೀಲಕ್ಕೆ ಕೈ ಹಾಕಲು ಹೋದ. ಅನುರಾಧಾ ಅವನನ್ನು ನೋಡಿದ ನೋಟಕ್ಕೆ ಅವನು ಅಲ್ಲಿಯೇ ನಿಂತ.

"ಎಬ್ಬಿಸಬ್ಯಾಡ್ರಿ ಮಾವಾರ," ಅಂದಳು. ದನಿ ಏರಿಸಲಿಲ್ಲ. "ಈ ಬೀಜ ಶಾಂತಪ್ಪಗ ಆಡಾಕಂತ ನೀವ ಕಿತ್ತು ಕೊಟ್ಟಿದ್ದು. ಬಸ್ ಸ್ಟ್ಯಾಂಡಿನ ದಾರ‍್ಯಾಗ. ಅತ್ತಿ ಇದನ್ನ ಜೀವಾ ಹಿಡಿದು ಕಾದಾಳ. ನೀವು ಕರಿಯಾಕ ಬರಲಿಲ್ಲ, ಇವು ಬಂದ್ವು. ವರ್ಷಾ ಬಂದ್ವು."

ಬಸವಲಿಂಗಪ್ಪ ಚಾಚಿದ ಕೈ ಹಿಂದಕ್ಕೆ ತೆಗೆದ. "ಅಕಿ ಬಂದಿದ್ರ ನಾ ಬಾಗಲಾ ಹಾಕ್ತಿದ್ನೇನವಾ?"

"ಕರೀದ ಹೆಂಗ ಬರ್ತಾಳ್ರಿ?"

ತಾಳ ನಿಂತಿತ್ತು. ಶಾಂತಪ್ಪ ಹೆಂಡತಿಯ ಪಕ್ಕಕ್ಕೆ ಬಂದು ನಿಂತದ್ದನ್ನು ಎಲ್ಲರೂ ಕಂಡರು.

"ಅತ್ತಿ ಹಬ್ಬ ಹಬ್ಬಕ್ಕೂ ಆ ಹೊಸಲ ಮ್ಯಾಗ ಕುಂತು ಕಾದಾಳ," ಅಂದಳು ಅನುರಾಧಾ. "ನೀವು ಇವತ್ತೊಂದು ದಿನ ಕಾಯ್ರಿ."

ಗಲ್ಲಿಯಲ್ಲಿ ಲಾರಿ ಮತ್ತೆ ಹಾರನ್ ಹೊಡೆಯಿತು. ಹೊತ್ತಾಗುತ್ತದೆ, ಗುಂಡಿ ತೋಡಿದವರು ಕಾದಿದ್ದಾರೆ ಎಂದು ಯಾರೋ ಗೊಣಗಿದರು. ಬಸವಲಿಂಗಪ್ಪ ಅವರ ಕಡೆ ಕೈ ಎತ್ತಿ, "ತಡೀರಿ," ಅಂದ. ತಲೆಯ ರುಮಾಲು ತೆಗೆದು ಹೆಗಲ ಮೇಲೆ ಹಾಕಿಕೊಂಡ. ಗುಪ್ಪೆಯ ಅಂಚಿನಲ್ಲಿ, ತಂಗಿಯ ಎದುರಿಗೆ, ನೆಂಟರ ಮನೆಗೆ ಕರೆಯಲು ಬಂದವರು ಕೂರುವ ಹಾಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ.

ಲಾರಿಯವನು ಎಂಜಿನ್ ಆರಿಸಿದ. ಮುದುಕನ ಕಾಲ ಹತ್ತಿರ ಒಂದು ಒಣಗಿದ ಕಾಯಿ ಬಿದ್ದಿತ್ತು. ಅದನ್ನು ಎತ್ತಿಕೊಂಡು ಬೆರಳ ತುದಿಯಲ್ಲಿ ಹಿಡಿದ. ಅವನು ಅಲ್ಲಾಡಿಸಲಿಲ್ಲ, ಕಾಯಿ ತಾನಾಗಿಯೇ ಗಿಲಗಿಲ ಅನ್ನುತ್ತಿತ್ತು.